ಸಕ್ಕರೆ ಕೋಟಿನ ರೋಗಾಣು, ಮಗಳ ಮೂರನೇ ಡೋಸ್

ಡಾಕ್ಟ್ರು ಲಸಿಕೆ ಬರೆದಿರೋ ತಾಯಿ ಕಾರ್ಡ್ ಕೇಳಿದ್ರು. ಹನ್ನೊಂದು ತಿಂಗಳ ಮಗಳು ನ್ಯುಮೋನಿಯಾ ಬಂದು ಆಕ್ಸಿಜನ್ ಮೇಲಿದ್ಲು.

ಒಂಬತ್ತನೇ ತಿಂಗಳ ಸಾಲಲ್ಲಿ ನ್ಯುಮೋನಿಯಾ ಲಸಿಕೆಯ ಮೂರನೇ ಡೋಸ್ ಖಾಲಿ...

ಅತ್ತೆ ತಕ್ಷಣ ಅಂದ್ರು, ಆಶಾ ಕಾರ್ಯಕರ್ತೆ ಬರ್ಲೇ ಇಲ್ಲ ಸಾರ್ ಅಂತ.

ಬಂದಿದ್ರು.

ದಿಬ್ಬೂರಹಳ್ಳಿ ಹತ್ರ ನಮ್ಮದು ರೇಷ್ಮೆ ಬೆಳೆಯೋ ಮನೆ. ಹುಳ ಗೂಡು ಕಟ್ಟೋ ಮುಂಚಿನ ವಾರ ಹೊರಗಿನವರನ್ನ ಒಳಗೆ ಬಿಡಲ್ಲ, ನಾವೂ ಜನ ಸೇರೋ ಕಡೆ ಹೋಗಲ್ಲ. ಹುಳದ ಮೈಯಲ್ಲಿ ರೋಗ ತಡೆಯೋ ಆಂಟಿಬಾಡಿ ಆಗಲ್ಲ, ಅದಕ್ಕೆ ಲಸಿಕೆ ಇಲ್ಲ. ರೋಗ ಹೊಕ್ಕರೆ ಇಡೀ ಬೆಳೆ ಹೋಯ್ತು.

ಮಗಳಿಗೆ ಒಂಬತ್ತು ತಿಂಗಳಾದಾಗ ಅಂಥದ್ದೇ ಒಂದು ವಾರ ಆಶಾ ಅಕ್ಕ ಬಂದು ನಾಳೆ ಪಾಪುನ ಲಸಿಕೆಗೆ ಅಂಗನವಾಡಿಗೆ ಕರ್ಕೊಂಡು ಬಾಮ್ಮ ಅಂದ್ರು. ಅತ್ತೆ ಒಳಗಿಂದ ಬೇಡ ಅಂತ ಸನ್ನೆ ಮಾಡಿದ್ರು. ಹುಳ ಮುಗೀಲಿ ಅಕ್ಕ ಅಂತ ಗೇಟಲ್ಲೇ ವಾಪಸ್ ಕಳಿಸಿದ್ದು ನಾನು.

ಆಮೇಲೆ ಇನ್ನೊಂದು ಬೆಳೆ ಬಂತು. ಮರೆತೇ ಹೋಯ್ತು.

ಈಗ ಆಶಾ ಅಕ್ಕನ ಮೇಲೆ ತಪ್ಪು ಹೊರಿಸ್ತಾ ಇದ್ವಿ.

"ಅವರು ಬಂದಿದ್ರು ಸಾರ್. ನಾನೇ ಆಗಲ್ಲ ಅಂದೆ."

ಮದುವೆಯಾಗಿ ಮೂರು ವರ್ಷದಲ್ಲಿ ಅತ್ತೆ ಮಾತಿಗೆ ಎದುರಾಡಿದ್ದು ಅದೇ ಮೊದಲು.

ಡಾಕ್ಟ್ರು ಬೈಲಿಲ್ಲ. ಕೂರಿಸಿ ಹೇಳಿದ್ರು. ಈ ಲಸಿಕೆ ತಡೆಯೋ ಬ್ಯಾಕ್ಟೀರಿಯಾ ಮೈಮೇಲೆ ಸಕ್ಕರೆಯ ಕೋಟು ಹಾಕ್ಕೊಂಡಿರುತ್ತಂತೆ. ಬರೀ ಆ ಸಕ್ಕರೆ ಕಂಡ್ರೆ ಎರಡು ವರ್ಷದೊಳಗಿನ ಮಕ್ಕಳ ಮೈಗೆ ಸರಿಯಾಗಿ ಆಂಟಿಬಾಡಿ ಮಾಡೋಕೆ ಬರಲ್ಲ.

ಅದಕ್ಕೇ ಲಸಿಕೆಯಲ್ಲಿ ಸಕ್ಕರೆ ಚೂರಿಗೆ ಒಂದು ಪ್ರೋಟೀನ್ ಕಟ್ಟಿರ್ತಾರೆ. ಪ್ರೋಟೀನ್ ಕಂಡಾಗ ರೋಗದ ಜೊತೆ ಹೋರಾಡೋ ಟಿ ಸೆಲ್‌ಗಳು ನೆರವಿಗೆ ಬರ್ತಾವೆ, ಸಕ್ಕರೆ ಮೇಲೂ ಆಂಟಿಬಾಡಿ ಹುಟ್ಟುತ್ತೆ, ಮೈ ಅದನ್ನ ನೆನಪಿಟ್ಕೊಳ್ಳುತ್ತೆ. ಮೂರನೇ ಡೋಸ್ ಆ ನೆನಪನ್ನ ಗಟ್ಟಿ ಮಾಡೋಕೆ.

ಬಿಎಸ್ಸಿಯಲ್ಲಿ ಇದನ್ನೇ ಐದು ಮಾರ್ಕ್ಸಿಗೆ ಬರೆದಿದ್ದೆ ನಾನು...

"ಹಾಕಿಸಿದ್ರೆ ಇದು ಬರ್ತಿರ್ಲಿಲ್ವಾ ಸಾರ್?"

"ಹಂಗೇ ಅಂತ ಹೇಳೋಕಾಗಲ್ಲಮ್ಮ. ನ್ಯುಮೋನಿಯಾಗೆ ಬೇರೆ ಕಾರಣಗಳೂ ಇದಾವೆ. ತಡೆಯೋ ಚಾನ್ಸ್ ಇತ್ತು, ಅಷ್ಟೇ."

ಆ 'ಅಷ್ಟೇ' ಅನ್ನೋದು ನನ್ನನ್ನ ನಿದ್ದೆ ಮಾಡೋಕೆ ಬಿಡ್ತಿಲ್ಲ.

ಇವತ್ತು ಆಕ್ಸಿಜನ್ ತೆಗೆದ್ರು. ಮಗಳು ಎದೆಗೆ ಬಾಯಿ ಹಾಕಿದ್ಲು.

ಅತ್ತೆ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಆದ್ರೆ ಬೆಳಿಗ್ಗೆ ನರ್ಸ್ ಹತ್ರ ಹೋಗಿ, ಬಾಕಿ ಇರೋ ಇಂಜೆಕ್ಷನ್ ಯಾವಾಗ ಹಾಕ್ತೀರಮ್ಮ ಅಂತ ಕೇಳಿದ್ದು ಅವರೇ.

ಗೊತ್ತಿದ್ದದ್ದನ್ನ ಮನೆಯಲ್ಲಿ ಬಾಯಿಬಿಟ್ಟು ಹೇಳೋಕೆ ನಿಮಗೂ ಇಷ್ಟು ತಡ ಆಗಿತ್ತಾ?