ಬದುಕಿದ್ದವಳಿಗೆ ಎಡೆ

ಟಕ್, ಟಕ್, ಟಕ್ — ಸಾಲು ಮುಗಿಯುತ್ತ ಬಂದಾಗ ಟಿಣ್ ಎಂದು ಸಣ್ಣದೊಂದು ಗಂಟೆ. ಬಾಡಿಗೆಗೆ ತಂದಿದ್ದ ಆ ಟೈಪ್‌ರೈಟರಿನ ಸದ್ದು ಈಗಲೂ ಕಿವಿಯಲ್ಲಿದೆ. ಆ ಸದ್ದಿನಲ್ಲೇ ನಾನು ಬದುಕಿದ್ದ ಒಬ್ಬ ಹೆಂಗಸನ್ನು ಸಾಯಿಸಿದೆ. ಇದನ್ನು ಇನ್ನೂ ಮೆತ್ತಗೆ ಹೇಳಲು ನಲವತ್ತೈದು ವರ್ಷ ಪ್ರಯತ್ನಿಸಿದ್ದೇನೆ — ಆಗಲಿಲ್ಲ.

ನಾನು ಬರೆದ ನಮ್ಮ ಮನೆತನದ ಚರಿತ್ರೆಯ ಒಂಬತ್ತನೇ ಪುಟದಲ್ಲಿ ಆ ಸಾಲಿದೆ. ಕಾನ್ವೆಂಟ್‌ನಲ್ಲಿ ಓದಿದವಳು, ಇಂಗ್ಲಿಷಿನಲ್ಲೇ ಬರೆದೆ: ‘ದ ಯಂಗರ್ ಚೈಲ್ಡ್, ಎ ಗರ್ಲ್, ಡೈಡ್ ಆಫ್ ಫೀವರ್ ಆನ್ ದ ವೇ.’ ಚಿಕ್ಕ ಮಗು, ಹೆಣ್ಣು, ದಾರಿಯಲ್ಲಿ ಜ್ವರದಿಂದ ತೀರಿಕೊಂಡಿತು. ಗ್ರಾಮರ್‌ನಲ್ಲಿ ಒಂದು ತಪ್ಪೂ ಇಲ್ಲ.

ಯಾವ ದಾರಿ ಅಂದರೆ — ನನ್ನ ಮುತ್ತಜ್ಜಿ ಗಂಗಮ್ಮ ನಡೆದ ದಾರಿ. ಗಂಡ ಸತ್ತ ಮೇಲೆ, ಮೈದುನಂದಿರು ಹೊಲಕ್ಕೆ ಕಾಲಿಡಗೊಡದಿದ್ದಾಗ, ಅವಳು ಮದನಪಲ್ಲಿ ಕಡೆಯ ತನ್ನ ಊರು ಬಿಟ್ಟು ಎರಡು ಮಕ್ಕಳೊಂದಿಗೆ ಪಡುವಣಕ್ಕೆ ಹೊರಟಳು. ಸೊಂಟದಲ್ಲಿ ಮಗಳು ಚಿನ್ನಮ್ಮ, ಕೈಯಲ್ಲಿ ಮಗ ನಾರಾಯಣಪ್ಪ, ತಲೆಯ ಮೇಲೆ ಒಂದು ಗಂಟು ಹುರಿಹಿಟ್ಟು. ಚಿಂತಾಮಣಿ, ಶಿಡ್ಲಘಟ್ಟ, ಸಾದಲಿ, ಪೆರೇಸಂದ್ರ — ಕೊನೆಗೆ ಮಂಚೇನಹಳ್ಳಿ. ಅಲ್ಲಿ ಬೀಳುಬಿದ್ದ ನೆಲ ಕಡಿದು ಹೊಲ ಮಾಡಿದಳು. ಇವತ್ತು ನಾವು ‘ನಮ್ಮ ಜಮೀನು’ ಎನ್ನುವುದೆಲ್ಲ ಅವಳ ಗುದ್ದಲಿಯಿಂದ ಬಂದದ್ದು. ಆದರೆ ಮಂಚೇನಹಳ್ಳಿ ಮುಟ್ಟಿದಾಗ ಅವಳ ಜೊತೆ ಇದ್ದದ್ದು ಮಗ ಒಬ್ಬನೇ. ಜ್ವರದಲ್ಲಿ ಬೇಯುತ್ತಿದ್ದ ಮಗಳನ್ನು ಸಾದಲಿಯಲ್ಲಿ ಯಾರದೋ ಮನೆಯಲ್ಲಿ ಬಿಟ್ಟಿದ್ದಳು. ಆಮೇಲೆ ಆ ಕಡೆ ತಾನೂ ಹೋಗಲಿಲ್ಲ, ಮಗನನ್ನೂ ಕಳಿಸಲಿಲ್ಲ.

ಆ ಮಗ — ನಾರಾಯಣಪ್ಪ — ನನ್ನ ತಾತ.

ಹಿರಿಯರ ಹಬ್ಬದ ದಿನ ನಮ್ಮ ಮನೆಯಲ್ಲಿ ಸತ್ತವರ ಹೆಸರಿಗೆ ಒಂದೊಂದು ಬಾಳೆಲೆ ಹಾಕಿ, ಬಟ್ಟೆಯಿಟ್ಟು, ಎಡೆ ಇಡುತ್ತಿದ್ದರು. ಪ್ರತಿ ವರ್ಷ ಅಪ್ಪ ಕೇಳುವುದು, “ಚಿನ್ನತ್ತೆಗೊಂದು ಎಲೆ ಹಾಕಣವಾ?” ಪ್ರತಿ ವರ್ಷ ತಾತನದು ಅದೇ ರೇಗು: “ಸುಮ್ನಿರೋ. ಬದುಕಿರೋರ್ಗೆ ಯಾವನಾದ್ರೂ ಎಡೆ ಇಡ್ತಾನಾ? ಅವ್ಳಿರ್ಬೋದು.”

ನಾನು ಚರಿತ್ರೆ ಬರೆಯುತ್ತೇನೆಂದಾಗ ಎಂಬತ್ತು ದಾಟಿದ್ದ ತಾತ ಕೇಳಿದ್ದು ಒಂದೇ. “ಲೀಲಾ, ಸಾದಲಿಗ್ ಹೋಗಿ ಬಾಮ್ಮ. ಅವ್ಳು ಇದಾಳೋ ಇಲ್ವೋ, ಅಷ್ಟು ತಿಳ್ಕೊಂಡ್ ಬಾ.”

ಹೋದೆ. ರೇಷ್ಮೆ ಹುಳು ಸಾಕುವ ಮನೆಗಳ ಬೀದಿಯಲ್ಲಿ ಮೂರು ಕಡೆ ವಿಚಾರಿಸಿದೆ. ನಾಲ್ಕನೆಯವರು ದಲಿತ ಕೇರಿಯ ಕಡೆ ಕೈ ತೋರಿಸಿದರು. ಅಲ್ಲಿ ಜಗಲಿಯ ಮೇಲೆ ರಾಗಿ ಕೇರುತ್ತ ಕುಳಿತಿದ್ದ ಮುದುಕಿ ತಲೆಯೆತ್ತಿದಾಗ — ತಾತನ ಮೂಗು, ತಾತನ ಹುಬ್ಬು. ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ. ತಾಯಿಯ ಹೆಸರು ಹೇಳಿದಳು, ಅಣ್ಣನ ಹೆಸರು ಹೇಳಿದಳು. ನಾನು ಆ ಅಣ್ಣನ ಮೊಮ್ಮಗಳು ಎಂದಾಗ ಮೊರ ಕೆಳಗಿಟ್ಟಳು.

“ಮಾ ಅಣ್ಣ ಉನ್ನಾಡಾ? ಇದಾನಾ ಅಮ್ಮಾ ಇನ್ನೂವೆ?”

“ಇದಾರೆ,” ಎಂದೆ.

ಅವಳು ಅಳಲಿಲ್ಲ, ನಕ್ಕಳು. “ಹಂಗಾರೆ ಇನ್ನೂ ಬುದ್ಧಿ ಬಂದಿಲ್ಲ ಅವನ್ಗೆ! ಇಷ್ಟ್ ದಿನ ಬೇಕಾ ತಂಗೀನ ಹುಡುಕಕ್ಕೆ?” ತನ್ನನ್ನು ಉಳಿಸಿದ್ದು ಈ ಮನೆಯ ತಾಯಿ ಎಂದಳು, ಆ ತಾಯಿ ತನ್ನ ಮಗುವಿನ ಜೊತೆ ಇವಳಿಗೂ ಹಾಲುಣಿಸಿ, ಬೆಳೆಸಿ, ಅಲ್ಲೇ ಮದುವೆ ಮಾಡಿಸಿದಳಂತೆ. ಮಜ್ಜಿಗೆ ತಂದುಕೊಟ್ಟಳು. ನಾನು ಇವತ್ತು ಉಪವಾಸ ಎಂದೆ.

ಉಪವಾಸ ಇರಲಿಲ್ಲ.

ಸ್ಕೂಲಿನಲ್ಲಿ ‘ಈಕ್ವಾಲಿಟಿ’ ಮೇಲೆ ಎಸ್ಸೆ ಬರೆದು ಫಸ್ಟ್ ಪ್ರೈಜ್ ತೆಗೆದುಕೊಂಡವಳು ನಾನು. ಆ ಲೋಟ ಜಗಲಿಯ ಮೇಲೆ ಹಾಗೇ ಉಳಿಯಿತು. ಆಗ ನನ್ನ ತಂಗಿಗೆ ಗಂಡು ನೋಡುತ್ತಿದ್ದರು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನೋಡುತ್ತಿದ್ದದ್ದು ನಿಜ. ಆದರೆ ಆ ಲೋಟ ಮುಟ್ಟದಿದ್ದ ಕೈ ತಂಗಿಯದಲ್ಲ, ನನ್ನದು.

ಹೊರಟಾಗ ಒಂದು ಬಟ್ಟೆಯಲ್ಲಿ ಹುರಿಹಿಟ್ಟು ಕಟ್ಟಿಕೊಟ್ಟಳು, ಅಣ್ಣನಿಗೆ. ಅದನ್ನು ತೆಗೆದುಕೊಂಡೆ. ಬೇಡ ಎನ್ನಲು ಬೇರೆ ಸುಳ್ಳು ಸಿಗಲಿಲ್ಲ.

ಮನೆಯಲ್ಲಿ ತಾತ ಬಾಗಿಲಲ್ಲೇ ಕುಳಿತಿದ್ದ. “ಸಿಕ್ಕಿದ್ಲಾ?”

ಒಂದು ಮಾತು. ಒಂದೇ ಮಾತು ಸಾಕಿತ್ತು.

“ಇಲ್ಲ ತಾತ. ಆಗ್ಲೇ, ಆ ಜ್ವರದಲ್ಲೇ... ಹೋಗ್ಬಿಟ್ಳಂತೆ.”

“ಅಮ್ಮಂಗೆ ಗೊತ್ತಿತ್ತೋ ಏನೋ,” ಎಂದ. ಮರುದಿನ ಆ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿಕೊಟ್ಟೆ. ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ. “ಮೆಣಸು ಹಾಕಿ ಹುರ್ದಿದಾರೆ. ನಮ್ಮಮ್ಮ ಹಿಂಗೇ... ಯಾರು ಮಾಡಿದ್ದು?”

“ನಾನೇ ತಾತ.”

ವಾರ ಕಳೆಯುವುದರೊಳಗೆ ಹಿರಿಯರ ಹಬ್ಬ ಬಂತು. ಆ ವರ್ಷ ತಾತ ತಾನೇ ಎದ್ದುಹೋಗಿ ಒಂದು ಎಲೆ ಹೆಚ್ಚು ಕೊಯ್ದು ತಂದ. ಅದರ ಪಕ್ಕ ಮೂರು ವರ್ಷದ ಮಗುವಿನ ಅಳತೆಯ ಹಸಿರು ಲಂಗ. “ಲೀಲಾ, ನೀನ್ ಹುರ್ದಿದ್ದ ಹಿಟ್ ಉಳಿದಿದ್ರೆ ತಾರಮ್ಮ. ಅವ್ಳೆಲೆಗೆ ಬಡಿಸು.”

ಬಡಿಸಿದೆ. ಬದುಕಿದ್ದವಳ ಎಲೆಗೆ, ಅವಳೇ ಹುರಿದ ಹಿಟ್ಟನ್ನು — ಈ ಕೈಯಲ್ಲಿ. ಆಗಲೂ ಬಾಯಿ ಬಿಡಬಹುದಿತ್ತು. ಹದಿನೆಂಟು ಮೈಲಿಯೋ ಇಪ್ಪತ್ತೋ ಆಚೆ ಅವಳು...

ಅದೇ ತಿಂಗಳು ಒಂಬತ್ತನೇ ಪುಟ ಟೈಪ್ ಮಾಡಿದೆ. ಮರುವರ್ಷ ತಾತ ಹೋದ. ಚಿನ್ನಜ್ಜಿ ಅವನ ನಂತರ ಆರು ವರ್ಷ ಬದುಕಿದಳಂತೆ. ‘ಅಂತೆ’ ಎನ್ನುತ್ತೇನೆ, ಯಾಕೆಂದರೆ ನಾನು ಆ ಕಡೆ ಮತ್ತೆ ಹೋದದ್ದು ಹೋದ ತಿಂಗಳು.

ಈಗ ನಮ್ಮಣ್ಣನ ಮಗ ರಮೇಶ ಆ ಪುಸ್ತಕವನ್ನು ಕನ್ನಡದಲ್ಲಿ ಹೊಸದಾಗಿ ಪ್ರಿಂಟ್ ಮಾಡಿಸುತ್ತಿದ್ದಾನೆ. ಒಂಬತ್ತನೇ ಪುಟ ಮಾತ್ರ, ನಡೆದದ್ದು ನಡೆದ ಹಾಗೆ, ನಾನೇ ಬರೆದುಕೊಟ್ಟೆ. ಓದಿ ಫೋನ್ ಮಾಡಿದ. “ಅತ್ತೆ, ಇದನ್ನ ಈಗ ಯಾರ್ ಕೇಳ್ತಾರೆ? ಇದೊಂದ್ ಬಿಟ್ಬಿಡಿ.”

“ನಾನ್ ಕೇಳ್ತೀನಲ್ಲೋ. ಆ ಪೇಜ್ ಇಲ್ದೆ ಪುಸ್ತಕ ಬರಲ್ಲ. ಫೋಟೋಗಳೆಲ್ಲ ನನ್ ಹತ್ರ ಇವೆ, ನೆನಪಿರ್ಲಿ.”

ಅದೇ ಪುಟವನ್ನು ಸಾದಲಿಗೂ ಒಯ್ದೆ. ಚಿನ್ನಜ್ಜಿಯ ಮೊಮ್ಮಗಳು ಸುಜಾತ ಟೀಚರ್. ಮನೆಯಲ್ಲಿ ಬುದ್ಧನ ಫೋಟೋ, ಗೋಡೆ ತುಂಬ ಮಕ್ಕಳ ಸರ್ಟಿಫಿಕೇಟ್. ನಿಂತುಕೊಂಡೇ ಓದಿದಳು. ಈ ವರ್ಷ ಹಿರಿಯರ ಹಬ್ಬಕ್ಕೆ ಬನ್ನಿ ಎಂದೆ. “ನಾವು ಎಡೆ ಗಿಡೆ ಇಡೋರಲ್ಲ ಅಜ್ಜಿ. ಪುಸ್ತಕದಲ್ಲಿ ಸರಿಯಾಗ್ ಹಾಕ್ಸಿ. ನಮ್ಮ ಮನೆಯೋರ ಹೆಸ್ರೂ ಹಾಕ್ಸಿ, ಅವಳ್ನ ಸಾಕಿದ ತಾಯಿ ಹೆಸ್ರೂನು,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟಳು. ಕುಡಿದೆ.

ಅವಳ ಮನೆಯವರ ಹೆಸರುಗಳ ಜೊತೆ ಈ ಮೂರು ಹೆಸರೂ ಪುಟದಲ್ಲಿವೆ — ನಡೆದವಳದು, ಉಳಿಸಿದವಳದು, ಉಳಿದವಳದು. ಕೊನೆಗೆ ಸುಳ್ಳು ಬರೆದವಳದೂ. ಹಬ್ಬದ ದಿನ ಎಲ್ಲರೆದುರು ನಾನೇ ಓದುತ್ತೇನೆ. ಎದ್ದು ಹೋಗುವವರು ಹೋಗಲಿ.

ಸುಜಾತ ಹೇಳಿದಳು, ಚಿನ್ನಜ್ಜಿ ಬಹಳ ದಿನ ಸಂಜೆಯ ಬಸ್ಸಿನ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದಳಂತೆ. ಯಾಕೆಂದು ನನಗೆ ಗೊತ್ತು. ಅವಳನ್ನು ನಾನು ಕೊನೆಯ ಸಲ ನೋಡಿದ್ದೂ ಅಲ್ಲೇ — ಪೆರೇಸಂದ್ರದ ಬಸ್ಸಿನ ಕಿಟಕಿಯಿಂದ. ಬಿಸಿಲಿಗೆ ಹಣೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಬಸ್ಸು ಹೊರಟಾಗ ಜೊತೆಯಲ್ಲೇ ನಾಲ್ಕು ಹೆಜ್ಜೆ ಬಂದಳು, ಪಡುವಣಕ್ಕೆ. “ಅವನ್ಗೆ ನಡೆಯಕ್ಕಾಗ್ದಿದ್ರೆ ನಾನೇ ಬತ್ತೀನಿ ಅಂತ ಹೇಳಮ್ಮಾ,” ಎಂದು ಕೂಗಿದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಅವಳು ನಿಂತಳು.