ಶುಕ್ರವಾರದ ತಟ್ಟೆ

ಮೊನ್ನೆ ಮುಂಬಯಿಯ ದಹಿಸರ್‌ನಲ್ಲಿ ನಾನು ಪಾಠ ಮಾಡುವ ತರಗತಿಯಲ್ಲಿ ಇರುವೆಗಳ ಸಾಲೊಂದು ಗೋಡೆಯಿಂದಿಳಿದು, ಬೆಂಚು ಹತ್ತಿ, ಒಂದು ಕಂಪಾಸ್ ಬಾಕ್ಸಿನೊಳಗೆ ಹೋಗುತ್ತಿತ್ತು. ಮುಚ್ಚಳ ತೆಗೆದರೆ ಬೆಲ್ಲ, ಏಲಕ್ಕಿ, ತೆಂಗಿನಕಾಯಿಯ ಘಮ. ಗಣಪತಿ ರಜೆ ಮುಗಿಸಿ ಬಂದ ಮಕ್ಕಳು ಹಂಚಿದ ಮೋದಕ, ಪೆನ್ಸಿಲುಗಳ ನಡುವೆ ಹಾಗೇ ಕುಳಿತಿತ್ತು. ಬಾಕ್ಸಿನ ಒಡತಿ, ಈ ವರ್ಷ ಹೊಸದಾಗಿ ಸೇರಿದ ಕ್ರಿಶ್ಚಿಯನ್ ಹುಡುಗಿ, ತಲೆ ತಗ್ಗಿಸಿದಳು. ಆ ಘಮ ನನ್ನನ್ನು ಸೀದಾ ಜೋಗೇಶ್ವರಿಯ ನಮ್ಮ ಹಳೆಯ ಕನ್ನಡ ಶಾಲೆಗೆ ಎಳೆದುಕೊಂಡು ಹೋಯಿತು. ಐದನೇ ಕ್ಲಾಸು, ಕಿಟಕಿ ಪಕ್ಕದ ಬೆಂಚು, ನಮ್ಮ ಟೀಚರ್...

ಟೀಚರ್ ಮೈಸೂರಿನ ಕಡೆಯವರು. ಗಂಡನ ನೌಕರಿಯ ಹಿಂದೆ ಮುಂಬಯಿಗೆ ಬಂದವರು ದಿನಾ ವಿಲೆ ಪಾರ್ಲೆಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಡಿವಂತಿಕೆ ಎಷ್ಟೆಂದರೆ ಹೊರಗೆ ಒಂದು ಗುಟುಕು ಚಹಾ ಕೂಡ ಕುಡಿಯುತ್ತಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ನನ್ನಂಥ ಹೋಟೆಲಿನವರ ಮಕ್ಕಳಿದ್ದರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳಿದ್ದರು. ಹಿಂದಿ, ಮರಾಠಿ, ತುಳು ಎಲ್ಲ ಬೆರೆತು ನಮ್ಮ ಕನ್ನಡ ಭೇಲ್‌ಪುರಿ ಆಗಿಹೋಗಿತ್ತು. ಅದನ್ನು ತಿದ್ದುವುದರಲ್ಲೇ ಟೀಚರ್ ಅರ್ಧ ಆಯುಷ್ಯ ಕಳೆದರೇನೋ.

ಶುಕ್ರವಾರ ಬೆಳಿಗ್ಗೆ ಕ್ಲಾಸಿನ ಶಾರದೆಯ ಫೋಟೊಗೆ ಪೂಜೆ. ಅಪ್ಪನ ಹೋಟೆಲಿನಿಂದ ಪಂಚಕಜ್ಜಾಯ ಬರುತ್ತಿತ್ತು. ಟೀಚರ್ ಸಾಲಾಗಿ ನಡೆಯುತ್ತಾ ಒಬ್ಬೊಬ್ಬರ ಅಂಗೈಗೂ ಹಾಕುತ್ತಿದ್ದರು. ನನ್ನ ಪಕ್ಕ ಕೂರುತ್ತಿದ್ದ ಗೆಳತಿ, ಕಲಬುರಗಿ ಕಡೆಯ ಮುಸ್ಲಿಂ ಹುಡುಗಿ, ಎರಡೂ ಕೈ ಚಾಚಿ ತೆಗೆದುಕೊಂಡು, ಮೆಲ್ಲಗೆ ಕಂಪಾಸ್ ಬಾಕ್ಸಿಗೆ ಸುರಿದುಕೊಳ್ಳುತ್ತಿದ್ದಳು. ಪ್ರಸಾದ ತಿನ್ನಬಾರದು ಎಂದು ಅವಳ ಮನೆಯಲ್ಲಿ ಹೇಳಿದ್ದರು. ಇನ್ನೊಬ್ಬರ ದೇವರದ್ದನ್ನು ಎಸೆಯಬಾರದು ಎಂದೂ ಹೇಳಿದ್ದರು. ಅತ್ತ ದರಿ, ಇತ್ತ ಪುಲಿ. ಮನೆಗೆ ಹೋಗುವ ದಾರಿಯಲ್ಲಿ ಗುಬ್ಬಿಗಳಿಗೆ ಹಾಕುತ್ತಿದ್ದಳು. ಒಂದು ಶುಕ್ರವಾರ ಬಾಕ್ಸನ್ನು ಬೆಂಚಿನಲ್ಲೇ ಮರೆತಳು. ಸೋಮವಾರ ಬೆಂಚಿಗೆಲ್ಲ ಇರುವೆ.

ಪ್ರಸಾದಕ್ಕೆ ಅವಮಾನ ಮಾಡಿದಳಂತೆ ಎಂದು ಸಂಜೆಯೊಳಗೆ ನಾವೆಲ್ಲ ಇದ್ದ ಚಾಳಿನ ಮನೆಮನೆಯಲ್ಲೂ ಗುಲ್ಲು. ಮರುದಿನ ಕೆಲವು ತಾಯಿತಂದೆಯರು ಹೆಡ್‌ಮಾಸ್ತರರ ಕೋಣೆ ಮುಂದೆ ನಿಂತರು. ಗೆಳತಿಯ ಅಪ್ಪನನ್ನೂ ಕರೆಸಿದರು. ಕೈಗೆ ಮೆತ್ತಿದ ಸಿಮೆಂಟು ಕೂಡ ತೊಳೆಯದೆ ಓಡಿಬಂದಿದ್ದರು ಅವರು. ಹೆಡ್‌ಮಾಸ್ತರರು ಕೆಟ್ಟವರಲ್ಲ, ಆದರೆ ಅಡ್ಡಗೋಡೆಯ ಮೇಲೆ ದೀಪ ಇಡುವವರು.

"ಇವರದ್ದೂ ಸರಿ, ಅವರದ್ದೂ ಸರಿ. ಎಂತ ಮಾಡುದು ಟೀಚರ್? ಶುಕ್ರವಾರ ಪೂಜೆ ಮುಗಿಯುವವರೆಗೆ ಹುಡುಗಿ ವರಾಂಡದಲ್ಲಿ ಕೂತ್ಕೊಳ್ಳಲಿ" ಎಂದರು.

"ಹೊರಗ ಕೂಡೂದಾದ್ರ ಮನ್ಯಾಗ ಕೂಡ್ಲಿ ಬಿಡ್ರಿ ಸರ. ಸಾಲೀನ ಬ್ಯಾಡ ಆಕಿಗೆ," ಎಂದರು ಅವಳ ಅಪ್ಪ. ನನ್ನ ಗೆಳತಿ ಬಾಗಿಲ ಸಂದಿಯಲ್ಲಿ ನಿಂತು ಚೀಲದ ಪಟ್ಟಿ ಕಚ್ಚುತ್ತಿದ್ದಳು.

ಟೀಚರ್ ದನಿ ಎತ್ತಲಿಲ್ಲ. "ತಪ್ಪು ನನ್ನದು ಸಾರ್. ಬೇಕೇನಮ್ಮ ಅಂತ ಒಂದು ಮಾತು ಕೇಳದೆ ಕೈಗೆ ಹಾಕಿದವಳು ನಾನು. ಅವಳ್ಯಾಕೆ ಹೊರಗೆ ಕೂರಬೇಕು?" ಆಮೇಲೆ ಅವಳ ಅಪ್ಪನ ಕಡೆ ತಿರುಗಿ, "ಈ ಶುಕ್ರವಾರ ಒಂದು ದಿನ ಕಳಿಸಿ. ಆಮೇಲೂ ಬೇಡ ಅನ್ನಿಸಿದರೆ ನಿಮ್ಮಿಷ್ಟ" ಎಂದರು.

ಶುಕ್ರವಾರ ಹೆಡ್‌ಮಾಸ್ತರರ ಮಾತಿನಂತೆ ಅವಳನ್ನು ವರಾಂಡದಲ್ಲಿ ಕೂರಿಸಿದರು. ಟೀಚರ್ ಬಂದರು, ನೋಡಿದರು. ಒಳಗೆ ಹೋಗಿ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಅವಳ ಮುಂದೆ ಹಾಕಿಕೊಂಡು ಕೂತರು. "ಎಲ್ಲ ಇಲ್ಲೇ ಬನ್ನಿ. ಗಣಿತದ ಪುಸ್ತಕ ತೆಗೀರಿ" ಎಂದರು. ನಾನು ಎದ್ದೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಶಾರದೆ ಮಾತ್ರ ಒಳಗೆ ಉಳಿದಳು. ಹೆಡ್‌ಮಾಸ್ತರರು ಬಂದು ಕೆಮ್ಮಿದರು. ಟೀಚರ್ ತಲೆ ಎತ್ತದೆ, "ಒಬ್ಬಳು ಹೊರಗಿರೋವರೆಗೂ ನಮ್ಮ ಕ್ಲಾಸು ಇಲ್ಲೇ ಸಾರ್" ಎಂದರು. ಸೂರ್ಯ ನೆತ್ತಿಗೆ ಬಂದರೂ ಭಿನ್ನರಾಶಿ ನಡೆದೇ ಇತ್ತು. ಗೇಟಿನ ಹೊರಗೆ ಗೆಳತಿಯ ಅಪ್ಪ ನಿಂತಿದ್ದನ್ನು ನಾನು ನೋಡಿದೆ. ಎಷ್ಟು ಹೊತ್ತು ನಿಂತಿದ್ದರೋ... ಮಧ್ಯಾಹ್ನ ಹೆಡ್‌ಮಾಸ್ತರರೇ ಬಂದು, "ಒಳಗೆ ಹೋಗಿ ಮಾರಾಯ್ರೆ" ಎಂದರು. ಸೋಮವಾರ ನನ್ನ ಪಕ್ಕದ ಜಾಗ ಖಾಲಿ ಇರಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ.

ಅಂದಿನಿಂದ ಟೀಚರ್ ಯಾರ ಕೈಗೂ ಏನನ್ನೂ ಹಾಕಲಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ ಬಂತು. ಬೇಕಾದವರು ಎದ್ದು ಹೋಗಿ ತೆಗೆದುಕೊಳ್ಳಬೇಕು. ಯಾಕೆ ತಗೊಂಡೆ, ಯಾಕೆ ಬಿಟ್ಟೆ ಎಂದು ಯಾರೂ ಕೇಳುವಂತಿಲ್ಲ. ಈದ್ ಮರುದಿನ ಅದೇ ತಟ್ಟೆಯ ಪಕ್ಕ ಗೆಳತಿ ತಂದ ಶೀರ್ ಖುರ್ಮಾ ಪಾಯಸದ ಡಬ್ಬಿ. ಅವಳು ಮೊದಲ ಲೋಟವನ್ನು ಟೀಚರ್ ಮುಂದೆ ಹಿಡಿದಳು. ಕ್ಲಾಸೆಲ್ಲ ಟೀಚರ್ ಮುಖ ನೋಡಿತು.

"ನನಗೆ ಆಗಲ್ಲ ಕಣಮ್ಮ. ಘಮ ಮಾತ್ರ ಸೊಗಸಾಗಿದೆ. ನಿಮ್ಮಮ್ಮನಿಗೆ ಹೇಳು."

ಗೆಳತಿ ಲೋಟ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ಟೀಚರೂ ಬೇಡ ಅನ್ನಬಹುದು, ತಾನೂ ಅನ್ನಬಹುದು! ಅಷ್ಟು ಜೋರಾಗಿ ಅವಳು ಕ್ಲಾಸಿನಲ್ಲಿ ನಕ್ಕದ್ದು ಅದೇ ಮೊದಲು. ಆ ಲೋಟ ನನ್ನ ಪಾಲಿಗೆ ಬಂತು.

ಮಕ್ಕಳು ಕಡಿಮೆಯಾಗಿ ಆ ಶಾಲೆ ಮುಚ್ಚಿದೆ. ಟೀಚರ್ ನಿವೃತ್ತರಾಗಿ ಮೈಸೂರಿಗೆ ಹೋದರು. ನಾನು ಟೀಚರ್ ಆದದ್ದನ್ನು ಅವರಿಗೆ ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ಬಂದಾಗ ತಿಂಗಳುಗಳೇ ಕಳೆದಿದ್ದವು...

ಮೊನ್ನೆ ಇರುವೆ ಕೊಡವಿ ಬಾಕ್ಸನ್ನು ಆ ಹುಡುಗಿಗೆ ಕೊಟ್ಟೆ, ಏನೂ ಕೇಳಲಿಲ್ಲ. ಮರುದಿನ ಮನೆಯಿಂದ ಒಂದು ಸ್ಟೀಲ್ ತಟ್ಟೆ ಒಯ್ದು ಮೇಜಿನ ಮೇಲಿಟ್ಟೆ. ನಿಯಮ ಹೇಳಿದೆ. ಸಿಹಿ ಕೈಕೈಗೆ ಹಂಚುವುದು ಮೊದಲಿನಿಂದ ನಡೆದುಬಂದದ್ದಲ್ಲವೇ ಎಂದು ಆಫೀಸಿನಿಂದ ಕೇಳಿದರು. ತಟ್ಟೆ ಇಲ್ಲೇ ಇರುತ್ತದೆ ಎಂದೆ. ಇವತ್ತು ಯಾರೋ ಲಾಡು ತಂದಿಟ್ಟರು. ಆ ಹುಡುಗಿ ಎದ್ದು ಬಂದು, ತಟ್ಟೆ ನೋಡಿ, ನನ್ನ ಮುಖ ನೋಡಿ, ಇಡೀ ಕ್ಲಾಸಿಗೆ ಕೇಳುವಂತೆ ಹಿಂದಿಯಲ್ಲಿ ಬೇಡ ಎಂದಳು: "ಮುಝೆ ನಹೀ ಚಾಹಿಯೇ, ಟೀಚರ್."

ಯಾರೂ ತಿರುಗಿ ನೋಡಲಿಲ್ಲ. ಅವಳು ನಗುತ್ತಾ ಹೋಗಿ ಕೂತಳು. ಇದನ್ನು ಒಬ್ಬರಿಗೆ ಹೇಳಬೇಕಿತ್ತು. ಅವರಿಲ್ಲ.