ಎಣ್ಣೆ ಬಚ್ಚಿಟ್ಟ ಡಬ್ಬ

ಮೊನ್ನೆ ಪಕ್ಕದ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಇನ್ಸ್‌ಪೆಕ್ಟರು ನೆನಪಾದರು. ಹೋಟೆಲುಗಳ ಅಡುಗೆಮನೆ ನೋಡಲು ಮಡಿಕೇರಿಯಿಂದ ಬರುತ್ತಿದ್ದವರು.

ಆಗ ಭಾಗಮಂಡಲದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಬೋಂಡದ ಹೋಟೆಲು. ಅವರು ಬಸ್ಸಿಳಿದರೆ ಸಾಕು, ಬಾಳೆಹಣ್ಣಿನವಳು ಕೂಗುತ್ತಿದ್ದಳು, “ಅಕ್ಕಾ, ಮಾವ ಬಂದ್ರು!” ಕರಿದು ಕರಿದು ಕಪ್ಪಾದ ಎಣ್ಣೆ ಕಂಡರೆ ಅವರು ಚರಂಡಿಗೆ ಚೆಲ್ಲಿಸುತ್ತಿದ್ದರು. ಅದಕ್ಕೇ ನಾನು ಹಿತ್ತಿಲ ತಗಡಿನ ಡಬ್ಬಕ್ಕೆ ಬಗ್ಗಿಸಿ ಬಚ್ಚಿಡುತ್ತಿದ್ದೆ. ಅವರು ಹೋದ ಮೇಲೆ ಮತ್ತೆ ಬಾಣಲೆಗೆ. ಎಲ್ಲರೂ ಮಾಡುತ್ತಿದ್ದದ್ದೇ… ಡಬ್ಬ ಮಾತ್ರ ನನ್ನ ಗಂಡ ಎಸ್ಟೇಟಿನಿಂದ ತಂದದ್ದು.

ಒಂದು ದಿನ ಅವರು ನೇರ ಹಿತ್ತಿಲಿಗೇ ಬಂದರು. ಡಬ್ಬ ಮೂಸಿದರು.

“ಇದ್ರಲ್ಲಿ ಮೊದ್ಲು ಏನಿತ್ತಮ್ಮ?”

“ತೋಟಕ್ಕೆ ಹೊಡೆಯೋ ಔಷಧಿ ಸಾರ್. ಸೀಗೆಪುಡಿ ಹಾಕಿ ಮೂರು ಸಲ ತಿಕ್ಕಿದೀನಿ. ನಿಮ್ಮನೆ ಪಾತ್ರೆಗಿಂತ ಚೊಕ್ಕ.”

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರ ಮುಖ ಬಿಳಿಚಿಕೊಂಡಿತು.

“ಇವತ್ತು ಈ ಎಣ್ಣೇದು ಯಾರ್ಯಾರು ತಿಂದ್ರು?”

ಬೆಳಗಿನ ಬಸ್ಸಿನವರು ತಿಂದು ಹೋಗಿದ್ದರು. ನನ್ನ ಮಗಳೂ ತಿಂದು ಶಾಲೆಗೆ ಹೋಗಿದ್ದಳು. ಅವರೇ ಶಾಲೆಗೆ ಓಡಿ ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆತಂದರು. ಸಂಜೆವರೆಗೆ ಇಲ್ಲೇ ಇರಲಿ, ನೋಡೋಣ ಎಂದರು ಡಾಕ್ಟರು. ಬೆಂಚಿನ ಈ ತುದಿಗೆ ನಾನು, ಆ ತುದಿಗೆ ಇನ್ಸ್‌ಪೆಕ್ಟರು, ನಡುವೆ ಅವಳು. ಅವಳು ಆಕಳಿಸಿದರೂ ನನ್ನ ಜೀವ ಹೋಗಿ ಬರುತ್ತಿತ್ತು.

“ಹೊಟ್ಟೆ ನೋಯ್ತದಾ ಪುಟ್ಟಿ?”

“ಇಲ್ಲಮ್ಮ, ಹಸಿವು. ಬೋಂಡ ತಂದಿದೀಯಾ?”

ಅವರು ತಲೆ ತಗ್ಗಿಸಿ ಹೇಳಿದರು, “ಔಷಧಿ ಡಬ್ಬಕ್ಕೆ ತೂತು ಹೊಡೆದೇ ಎಸ್ಟೇಟಿಂದ ಹೊರಗೆ ಬಿಡ್ಬೇಕು, ಕಾನೂನು ಬಿಗಿ ಮಾಡಿ ಅಂತ ಮೇಲಕ್ಕೆ ಬರ್ದು ಬರ್ದು ಸಾಕಾಯ್ತಮ್ಮ. ನಾನು ನಿಮ್ಮ ಬಾಣಲೆ ನೋಡ್ಬಹುದು, ತೋಟದ ಗೇಟು ದಾಟಂಗಿಲ್ಲ.”

ಮಗಳಿಗೆ ಏನೂ ಆಗಲಿಲ್ಲ. ಸಂಜೆ ಹೋಟೆಲಿಗೆ ವಾಪಸು ಬಂದು ಅವರು ನನ್ನ ಕತ್ತಿಯಿಂದಲೇ ಡಬ್ಬ ಕಡಿದು ಹಾಕಿದರು. ಹೊರಡುವಾಗ ಕೇಳಿದರು, “ಎಷ್ಟು ದಿನದಿಂದ ಈ ಡಬ್ಬ?”

“ಎರಡು ಮಳೆಗಾಲ ಸಾರ್.”

ಅವರು ಬೆಳಗಿನ ಬಸ್ಸು ಹೋದ ದಾರಿ ನೋಡುತ್ತ ನಿಂತರು. ನಾನೂ ನೋಡಿದೆ. ಎರಡು ಮಳೆಗಾಲ ನನ್ನ ಬೋಂಡ ತಿಂದು ಬಸ್ಸು ಹತ್ತಿದವರು… ಯಾವ ಊರಿನವರೋ, ಯಾರ ಮಕ್ಕಳೋ.

ಹೋದ ವರ್ಷ ಇನ್ಸ್‌ಪೆಕ್ಟರು ತೀರಿಕೊಂಡರಂತೆ. ಈಗ ಹೋಟೆಲು ಸೊಸೆಯದು. ಗೋಡೆಗೆ ಲೈಸೆನ್ಸು ಹಾಕಿದ್ದಾಳೆ, ಟ್ರೈನಿಂಗಿಗೂ ಹೋಗಿ ಬಂದಳು. “ತಿಂದವರಿಗೆ ಏನೂ ಆಗಿರಲ್ಲ ಬಿಡಿ ಅತ್ತೆ” ಅನ್ನುತ್ತಾಳೆ. ಆಗಿರಲ್ಲ ಅಂತ ಅವರು ಒಂದು ದಿನವೂ ನನಗೆ ಹೇಳಲಿಲ್ಲ. ನನ್ನ ಜೊತೆ ಹೆದರಿದವರು ಅವರೊಬ್ಬರೇ.